ಪ್ರೋಟೀನ್ ಆಯ್ತು, ಈಗ ಫೈಬರ್: ಹೊಸ ಟ್ರೆಂಡನ್ನು ತಟ್ಟೆಗೆ ತರುವುದು ಹೇಗೆ?

ಇಷ್ಟು ದಿನ ಎಲ್ಲಿ ನೋಡಿದರೂ ಪ್ರೋಟೀನ್. ಈಗ ಅದರ ಪಕ್ಕಕ್ಕೆ ಫೈಬರ್, ಅಂದರೆ ನಾರಿನಂಶ, ಬಂದು ಕೂತಿದೆ. ಜೊತೆಗೆ ಕರುಳಿನ ಆರೋಗ್ಯ, ಸಕ್ಕರೆ ಇಲ್ಲದ ಪಾನೀಯ. ಮುಂದಿನ ವರ್ಷ ಇವೆಲ್ಲ ಪ್ಯಾಕೆಟ್ ಮೇಲೆ ಇನ್ನೂ ಜಾಸ್ತಿ ಕಾಣಿಸಬಹುದು. ಇವುಗಳಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ್ದು ಫೈಬರ್ ಅನ್ನೋದು ನನ್ನ ಅಭಿಪ್ರಾಯ, ಯಾಕಂದರೆ ಹೆಚ್ಚಿನವರ ಊಟದಲ್ಲಿ ನಿಜಕ್ಕೂ ಕಡಿಮೆ ಬೀಳುವುದು ಅದೇ.

ಮೊದಲು ಲೆಕ್ಕ ಗೊತ್ತಿರಲಿ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಫೈಬರ್ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಅದೂ ಆಹಾರದಲ್ಲಿ ಸಹಜವಾಗಿ ಇರುವ ಫೈಬರ್. ಪ್ರೋಟೀನ್ ಆದರೆ ಒಂದು ಕೆಜಿ ತೂಕಕ್ಕೆ 0.83 ಗ್ರಾಂ, ಅಂದರೆ 60 ಕೆಜಿ ಇರುವವರಿಗೆ ಸುಮಾರು 50 ಗ್ರಾಂ. ವಯಸ್ಸಾದವರಿಗೆ, ಜೋರು ವ್ಯಾಯಾಮ ಮಾಡುವವರಿಗೆ ಇದಕ್ಕಿಂತ ಸ್ವಲ್ಪ ಜಾಸ್ತಿ ಬೇಕಾಗಬಹುದು. ಬೇಯಿಸಿದ ಕಾಳು 100 ಗ್ರಾಂ ತಿಂದರೆ ಸುಮಾರು 7 ಗ್ರಾಂ ಫೈಬರ್, 8-9 ಗ್ರಾಂ ಪ್ರೋಟೀನ್ ಒಟ್ಟಿಗೇ ಸಿಗುತ್ತದೆ. ಎರಡು ಟ್ರೆಂಡ್ ಒಂದೇ ತುತ್ತಿನಲ್ಲಿ ಮುಗಿಯಿತು ಅಲ್ವಾ?

ಆದರೆ ಒಂದೇ ದಿನಕ್ಕೆ ಜಿಗಿಯಬೇಡಿ. ಇವತ್ತು 10 ಗ್ರಾಂ ತಿನ್ನುವವರು ನಾಳೆ 30 ತಿಂದರೆ ಹೊಟ್ಟೆ ಉಬ್ಬರ, ಗ್ಯಾಸ್ ಗ್ಯಾರಂಟಿ, ಆಮೇಲೆ ಇದು ನನಗೆ ಆಗಲ್ಲ ಅಂತ ಬಿಟ್ಟೇಬಿಡುತ್ತಾರೆ. ವಾರಕ್ಕೆ 4-5 ಗ್ರಾಂನಂತೆ ಏರಿಸಿ. ನೀರೂ ಜಾಸ್ತಿ ಕುಡಿಯಿರಿ.

ಇನ್ನು ಪ್ಯಾಕೆಟ್. ಮುಂಭಾಗ ಬಿಡಿ, ಹಿಂದೆ ತಿರುಗಿಸಿ. ಪದಾರ್ಥಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಜಾಸ್ತಿ ಇರುವುದೇ ಮೊದಲು ಬರುತ್ತದೆ. 'ಹೈ ಪ್ರೋಟೀನ್' ಅಂತ ಬರೆದ ಬಾರ್‌ನ ಮೊದಲ ಮೂರು ಹೆಸರಿನಲ್ಲಿ ಸಿರಪ್ ಇದ್ದರೆ ಅದು ಸಿಹಿತಿಂಡಿ ಅಂತಲೇ ಲೆಕ್ಕ ಹಾಕಿ. ಅಂಕಿಗಳನ್ನು ಯಾವಾಗಲೂ 100 ಗ್ರಾಂ ಕಾಲಂನಲ್ಲೇ ಹೋಲಿಸಿ. 'ಒಂದು ಸರ್ವಿಂಗ್' ಅನ್ನುವುದು ಕೆಲವು ಸಲ ಅರ್ಧ ಪ್ಯಾಕೆಟ್ ಮಾತ್ರ ಆಗಿರುತ್ತದೆ, ತಿನ್ನುವಾಗ ನಾವು ಅರ್ಧಕ್ಕೆ ನಿಲ್ಲಿಸುವುದಿಲ್ಲ. ಇನುಲಿನ್ ಅಂತ ಕಂಡರೆ ಅದು ಹೊರಗಿಂದ ಸೇರಿಸಿದ ಫೈಬರ್. ಕೆಟ್ಟದ್ದಲ್ಲ, ಆದರೆ ಕಾಳು, ಹಣ್ಣಿನ ಜೊತೆ ಬರುವ ಬೇರೆ ಪೋಷಕಾಂಶ ಅದರಲ್ಲಿ ಇರುವುದಿಲ್ಲ.

ಕರುಳಿನ ಆರೋಗ್ಯಕ್ಕೆ ಅಂತ ಹುದುಗಿಸಿದ ಆಹಾರ ಕೊಳ್ಳುವಾಗ ಬಿಸಿ ಮಾಡಿದ್ದಾರಾ ನೋಡಿ. ಹುದುಗಿದ ಮೇಲೆ ಕಾಯಿಸಿದರೆ ಜೀವಂತ ಬ್ಯಾಕ್ಟೀರಿಯಾ ಬಹುತೇಕ ಸಾಯುತ್ತವೆ. ರುಚಿ ಇರುತ್ತದೆ, ಅಷ್ಟೇ.

ಇನ್ನು ಸಕ್ಕರೆ ಇಲ್ಲದ ಪಾನೀಯ. ಅದರಲ್ಲಿ ಹಾಕುವಂಥ ಸಕ್ಕರೆ ಬದಲಿ ಸಿಹಿಕಾರಕಗಳನ್ನು ತೂಕ ಇಳಿಸಲು ನಂಬಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ಕೊಟ್ಟಿದೆ. ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ.

ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಪ್ರೋಟೀನ್ ಪುಡಿ ಶುರು ಮಾಡಬೇಡಿ. ಫೈಬರ್ ಪುಡಿ ಕುಡಿಯುವವರು ದಿನದ ಮಾತ್ರೆಗಳನ್ನು ಅದರ ಜೊತೆಗೇ ನುಂಗಬೇಡಿ, ಕೆಲವು ಔಷಧಿ ಸರಿಯಾಗಿ ಹೀರಿಕೊಳ್ಳದೇ ಹೋಗಬಹುದು. ನಡುವೆ ಎರಡು ಗಂಟೆಯಾದರೂ ಅಂತರ ಇರಲಿ.