ಒತ್ತಡದ ಹೊಟ್ಟೆಗೆ ಅಗ್ನಿಸಾರಕ್ಕಿಂತ ಮೊದಲು ಉಸಿರು: ನನ್ನ ಅನುಭವ

ಅಜೀರ್ಣ ಅಂದ ಕೂಡಲೇ ಕಪಾಲಭಾತಿ (ರಭಸದಿಂದ ಉಸಿರು ಹೊರಹಾಕುವುದು), ಅಗ್ನಿಸಾರ (ಉಸಿರು ಹೊರಬಿಟ್ಟು ಹೊಟ್ಟೆಯನ್ನು ಒಳಗೆ-ಹೊರಗೆ ಆಡಿಸುವುದು) ಹೇಳಿಕೊಡುವುದು ಯೋಗ ಕಲಿಸುವ ನಮ್ಮಲ್ಲಿ ರೂಢಿ. ಒತ್ತಡದಿಂದ ಹೊಟ್ಟೆ ಕೆಟ್ಟವರಿಗೆ ನಾನು ಅವೆರಡನ್ನೂ ಮೊದಲು ಕೊಡುವುದಿಲ್ಲ; ನಿಧಾನ ಉಸಿರಿನಿಂದ ಶುರುಮಾಡುತ್ತೇನೆ. ‘ಬರೀ ಉಸಿರಾಡಿದರೆ ಜೀರ್ಣವಾಗುತ್ತದೆಯೇ?’ ಎಂದು ಕೇಳುತ್ತಿದ್ದ ಶಿಕ್ಷಕರೇ ಈಗ ತಮ್ಮ ವಿದ್ಯಾರ್ಥಿಗಳನ್ನು ನನ್ನ ಬಳಿ ಕಳಿಸುತ್ತಿದ್ದಾರೆ.

ಯೋಗವಾಸಿಷ್ಠವೆಂಬ ಹಳೆಯ ಗ್ರಂಥದ ಲೆಕ್ಕ ನೇರವಾಗಿದೆ: ಆಧಿಯಿಂದ, ಅಂದರೆ ಮನೋವ್ಯಥೆಯಿಂದ, ಮನಸ್ಸು ಕದಡುತ್ತದೆ, ಪ್ರಾಣದ ಓಟ ಏರುಪೇರಾಗುತ್ತದೆ, ಆಮೇಲೆ ಉಂಡದ್ದು ಕುಜೀರ್ಣ (ಕೆಟ್ಟದಾಗಿ ಜೀರ್ಣ), ಅಜೀರ್ಣ ಅಥವಾ ಅತಿಜೀರ್ಣ (ಮಿತಿಮೀರಿ ಜೀರ್ಣ). ಕಣ್ಣೆದುರೂ ಹಾಗೆಯೇ ನಡೆಯುತ್ತದೆ. ಒತ್ತಡದಲ್ಲಿ ಜಠರ ಖಾಲಿಯಾಗುವುದು ನಿಧಾನವಾಗುತ್ತದೆ, ದೊಡ್ಡಕರುಳು ಮಾತ್ರ ಆತುರಪಡುತ್ತದೆ. ಹಾಗಾಗಿ ಒಬ್ಬರಿಗೇ ಹೊಟ್ಟೆಯುಬ್ಬರವೂ ಇರುತ್ತದೆ, ಭೇದಿಯೂ ಇರುತ್ತದೆ. ಯೋಗದ ಮಾತಿನಲ್ಲಿ, ಮನೋಮಯದಲ್ಲಿ (ಮನಸ್ಸಿನ ಪದರದಲ್ಲಿ) ಹುಟ್ಟಿದ್ದು ಅನ್ನಮಯಕ್ಕೆ (ದೇಹಕ್ಕೆ) ಇಳಿಯುವುದು ಪ್ರಾಣಮಯದ (ಉಸಿರಿನ ಪದರದ) ಮೂಲಕ. ನಮ್ಮ ಕೈಗೆ ಸಿಗುವ ಜಾಗ ಅದೊಂದೇ. ಚೂರ್ಣ, ಸಿರಪ್ಪು, ಗ್ಯಾಸಿನ ಮಾತ್ರೆಗೆ ಸುರಿದ ದುಡ್ಡೆಲ್ಲ ಅದರ ಕೆಳಗಿನ ಹಂತಕ್ಕೆ ಹೋಗುತ್ತದೆ. ಇಲ್ಲಿ ಬೇಕಾದದ್ದು ಒಂದು ಟವೆಲ್ ಮಾತ್ರ.

ಊಟಕ್ಕೆ ಸುಮಾರು ಹತ್ತು ನಿಮಿಷ ಮೊದಲು ಅಂಗಾತ ಮಲಗಿಸಿ. ಮಂಡಿ ಮಡಚಿರಲಿ, ಪಾದ ನೆಲದ ಮೇಲಿರಲಿ, ಮಡಿಸಿದ ದಪ್ಪ ಟವೆಲ್ ಹೊಕ್ಕುಳ ಮೇಲಿರಲಿ. 4 ಎಣಿಕೆಗೆ ಒಳಗೆ, 6 ಎಣಿಕೆಗೆ ಹೊರಗೆ, ಕುಂಭಕ (ಉಸಿರು ಹಿಡಿಯುವುದು) ಬೇಡ. ನಿಮಿಷಕ್ಕೆ ಆರರ ಆಸುಪಾಸು ಉಸಿರಾಗುತ್ತದೆ. ಐದಾರು ನಿಮಿಷದ ಬಳಿಕ ಎದ್ದು ಕೂತು ಐದಾರು ಭ್ರಾಮರಿ (ದುಂಬಿಯಂತೆ ಗುಂಯ್‌ಗುಡುತ್ತಾ ಉಸಿರು ಬಿಡುವುದು), ತುಟಿ ಸಡಿಲವಾಗಿ.

ಕೆಡುವುದು ಎಣಿಕೆಯಲ್ಲಿ. ಮೊದಲ ದಿನವೇ 4:8ಕ್ಕೆ ಹಾರಿದರೆ ಮೂರ್ನಾಲ್ಕು ಸುತ್ತಿಗೇ ಭುಜ ಮೇಲೇಳುತ್ತದೆ, ಕೊನೆಯಲ್ಲಿ ಗಬಕ್ಕನೆ ಉಸಿರೆಳೆಯುತ್ತಾರೆ. ಆ ಒಂದು ಎಳೆತಕ್ಕೆ ಮತ್ತೆ ಗಾಬರಿಯ ನರಮಂಡಲವೇ ಎಚ್ಚರಗೊಳ್ಳುತ್ತದೆ. ಅಂಥವರಿಗೆ ಒಂದು ವಾರ 3:4 ಸಾಕು. ಹೊಟ್ಟೆ ಒತ್ತಿ ಉಸಿರು ಖಾಲಿಮಾಡುವುದೂ ಬೇಡ.

ಗುರುತು ನೋಡಬೇಕಾದದ್ದು ಬಾಯಲ್ಲಿ. ಒತ್ತಡದಲ್ಲಿ ಒಣಗಿದ್ದ ನಾಲಿಗೆಯ ಕೆಳಗೆ ಜೊಲ್ಲು ಊರಿ, ನುಂಗಬೇಕು ಅನ್ನಿಸುತ್ತದೆ; ಹೆಚ್ಚಿನವರಿಗೆ ಅದೇ ಹೊತ್ತಿಗೆ ಹೊಟ್ಟೆ ಗುಳುಗುಳು ಅನ್ನುತ್ತದೆ. ಆಗ ಊಟಕ್ಕೆ ಏಳಬಹುದು. ಅದಿಲ್ಲದೆ ಎಬ್ಬಿಸಬೇಡಿ.

ಊಟದಲ್ಲಿ ಮಿತಾಹಾರದ ಹಳೆಯ ಅಳತೆಯೇ: ಹೊಟ್ಟೆಯ ಕಾಲುಭಾಗ ಖಾಲಿ. ಬಳಿಕ ಐದು-ಹತ್ತು ನಿಮಿಷ ವಜ್ರಾಸನ (ಮಂಡಿಯೂರಿ ಹಿಮ್ಮಡಿಯ ಮೇಲೆ ಕೂರುವುದು). ಮಂಡಿನೋವಿನವರು, ಎದೆಯುರಿಯವರು ಎಡಮಗ್ಗುಲಾಗಿ ಒರಗಲಿ; ಜಠರ ಅನ್ನನಾಳದ ಬಾಯಿಗಿಂತ ಕೆಳಗುಳಿದು ಆಮ್ಲ ಮೇಲೇರುವುದು ತಗ್ಗುತ್ತದೆ. ಎದೆಯುರಿಯವರಿಗೆ ಕಪಾಲಭಾತಿ ಕೊಟ್ಟರೆ ಹೊಟ್ಟೆಯೊಳಗಿನ ಒತ್ತಡಕ್ಕೆ ಆಮ್ಲ ಗಂಟಲಿಗೇ ಬರಬಹುದು.

ಊಟದ ಹೊತ್ತಿಗೆ ಸೂರ್ಯನಾಡಿ (ಬಲಮೂಗಿನ ಉಸಿರು) ನಡೆಯಬೇಕೆಂಬ ಸ್ವರಶಾಸ್ತ್ರದ, ಅಂದರೆ ಮೂಗಿನ ಉಸಿರಿನ ಓಟ ನೋಡುವ ಶಾಸ್ತ್ರದ, ಮಾತು ಹಿಡಿದು ಬಲಮೂಗಿನ ಉಸಿರನ್ನೂ ಪ್ರಯೋಗಿಸಿದ್ದೇನೆ. ಮಂದಾಗ್ನಿಯವರಲ್ಲಿ (ಜೀರ್ಣಶಕ್ತಿ ಕುಂದಿದವರಲ್ಲಿ) ನಿಧಾನ ಉಸಿರಿಗಿಂತ ಹೆಚ್ಚಿನ ಫಲವೇನೂ ಕಾಣಲಿಲ್ಲ, ಎದೆಯುರಿಯವರಿಗೆ ಉರಿ ಏರಿತು. ಕೈಬಿಟ್ಟೆ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಕೆ, ನುಂಗಲು ಕಷ್ಟ ಇದ್ದರೆ ಮೊದಲು ವೈದ್ಯರು, ಆಮೇಲೆ ನಾವು.

ಮೂರ್ನಾಲ್ಕು ವಾರದಲ್ಲಿ ಹೊಟ್ಟೆ ಹಗುರಾದವರಿಗೆ ಮಾತ್ರ ಅಗ್ನಿಸಾರ, ಅದೂ ಬೆಳಗ್ಗೆ ಖಾಲಿ ಹೊಟ್ಟೆಗೆ. ಅದಕ್ಕೆ ಉಡ್ಡೀಯಾನವನ್ನು (ಉಸಿರು ಹೊರಬಿಟ್ಟು ಹೊಟ್ಟೆಯನ್ನು ಒಳಕ್ಕೆ, ಮೇಲಕ್ಕೆ ಸೆಳೆಯುವುದು) ಜೋಡಿಸುವ ನನ್ನದೊಂದು ಕ್ರಮವಿದೆ. ಅದನ್ನು ಎದುರು ಕೂತು ಕಲಿಯಬೇಕು, ಇಲ್ಲಿ ಬರೆಯುವುದಿಲ್ಲ.