ಮನೆಯೊಳಗಿನ ಮೆಣಸಿನ ಸಸಿ ಬೆಳೆಯದೆ ನಿಂತಿದ್ದು ಸರಿಯಾಗಿದ್ದು ಹೀಗೆ

ಸಿಂಧನೂರಿನ ಮನೆಯಲ್ಲಿ, ಎಲ್‌ಇಡಿ ಬೆಳಕಿನಡಿ, ಪ್ರೋಟ್ರೇಯಲ್ಲಿ (ಸಸಿ ಬೆಳೆಸುವ ಗುಳಿಗಳಿರುವ ಟ್ರೇ) ಬ್ಯಾಡಗಿ ಮೆಣಸಿನ ಸಸಿ. ಬೀಜ ಚೆನ್ನಾಗಿ ಮೊಳೆಯುತ್ತಿತ್ತು, ಮೊದಲ ಎರಡೆಲೆ (ಬೀಜದೆಲೆ) ಬಿಚ್ಚಿದ ಮೇಲೆ ಬೆಳವಣಿಗೆ ನಿಲ್ಲುತ್ತಿತ್ತು. ಹೊಸ ಎಲೆ ಹಳದಿ, ನರ ಮಾತ್ರ ಹಸಿರು, ಬೇರಿನ ತುದಿ ಕಂದು.

ಲೈಟ್ ಕೆಳಗಿಳಿಸಿದರೆ ಎಲೆ ಮುದುಡಿತು. 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಶ್ ಸಮ ಇರುವುದು) ಜಾಸ್ತಿ ಕೊಟ್ಟಾಗ ಅಂಚು ಸುಟ್ಟಿತು. ಲಘು ಪೋಷಕಾಂಶ ಸಿಂಪಡಿಸಿದರೆ ಸ್ವಲ್ಪ ಹಸಿರಾಗಿ ಮತ್ತೆ ಅದೇ ಕಥೆ. ಬೀಜ ಬದಲಿಸಿದರೂ ಅಷ್ಟೇ.

ತೊಂದರೆ ಇದ್ದದ್ದು ಟ್ರೇಗೆ ತುಂಬಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಬೋರ್ ನೀರಿನಲ್ಲಿ. ಟ್ರೇ ಕೆಳಗೆ ಸೋರಿದ ನೀರಿಗೆ ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಲವಣ ಅಳೆಯುವುದು) ಇಟ್ಟರೆ, ಹಾಕಿದ ನೀರಿಗಿಂತ ತುಂಬಾ ಮೇಲೆ ತೋರಿಸಿತು. ತೊಳೆಯದ ತೆಂಗಿನ ನಾರಿನ ಪುಡಿಯಲ್ಲಿ ಸೋಡಿಯಂ, ಪೊಟ್ಯಾಶಿಯಂ ಇರುತ್ತವೆ, ಅವು ಕ್ಯಾಲ್ಸಿಯಂ ಸಿಗದ ಹಾಗೆ ಮಾಡುತ್ತವೆ. ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 7.5 ದಾಟಿದರೆ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ, ಅದಕ್ಕೇ ಆ ಹಳದಿ.

ಈ ಕ್ರಮ ತಪ್ಪಿಸಬೇಡಿ. 5 ಕೆಜಿ ಕೋಕೋಪೀಟ್ ಇಟ್ಟಿಗೆಯನ್ನು (ಒತ್ತಿ ಮಾಡಿದ ಗಟ್ಟಿ) ಆರ್‌ಒ ಅಥವಾ ಮಳೆ ನೀರಲ್ಲಿ ನೆನೆಸಿ, ಹಿಂಡಿದ ನೀರು ಟಿಡಿಎಸ್ ಮೀಟರ್‌ನಲ್ಲಿ 300 ಪಿಪಿಎಂಗಿಂತ ಕೆಳಗೆ ಬರುವವರೆಗೂ ತೊಳೆಯಿರಿ. ಆಮೇಲೆ 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಲ್ಲಿ 24 ಗಂಟೆ ಬಿಡಿ. ಬರೀ ತೊಳೆದರೆ ಸಾಲದು, ನಾರಿಗೆ ಅಂಟಿದ ಸೋಡಿಯಂ ಬಿಡಿಸುವುದು ಈ ಕ್ಯಾಲ್ಸಿಯಮ್ಮೇ. ಮತ್ತೊಮ್ಮೆ ತೊಳೆದು ಟ್ರೇ ತುಂಬಿ.

ದಿನದ ನೀರಿಗೆ ಚಿಟಿಕೆ ಚಿಟಿಕೆ ಸಿಟ್ರಿಕ್ ಆಮ್ಲ ಹಾಕಿ ಪಿಎಚ್ 6ಕ್ಕೆ ತನ್ನಿ, ಪ್ರತಿ ಸಲ ಅಳೆಯಿರಿ. ಬೀಜದೆಲೆ ಆದಮೇಲೆ ಎರಡು ನಿಜವಾದ ಎಲೆ ಬಂದ ಮೇಲಷ್ಟೇ 19:19:19, ಲೀಟರಿಗೆ ಅರ್ಧ ಗ್ರಾಂ. ಲೈಟ್ ದಿನಕ್ಕೆ 14 ಗಂಟೆ.