ಕಾಲೇಜಿನ ವಾರ್ಷಿಕ ವರದಿ: ಲೆಕ್ಕ ತಪ್ಪದಂತೆ ಬರೆಯುವುದು ಹೇಗೆ?

ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಲೇಜಿನಿಂದ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ವಾರ್ಷಿಕ ವರದಿ ಕಳಿಸುವಾಗ ಮೊದಲು ಫಲಿತಾಂಶದ ಲೆಕ್ಕ ಸರಿಮಾಡಿಕೊಳ್ಳಿ. ಅಂತಿಮ ವರ್ಷದಲ್ಲಿ 240 ಮಂದಿ ಇದ್ದು, 228 ಮಂದಿ ಪರೀಕ್ಷೆ ಬರೆದು, 205 ಮಂದಿ ಪಾಸಾದರೆ ಫಲಿತಾಂಶ ಶೇ. 89.91. ಭಾಗಿಸಬೇಕಾದದ್ದು 228ರಿಂದ, ದಾಖಲಾತಿಯಿಂದಲ್ಲ. ಮರುಮೌಲ್ಯಮಾಪನದ ಬಳಿಕ ಅಂಕಿ ಬದಲಾಗಬಹುದು. ಯಾವ ದಿನಾಂಕದ ಪಟ್ಟಿ ಎಂದು ಪಕ್ಕದಲ್ಲೇ ಬರೆದಿಡಿ.

ಕ್ರೀಡೆಯಲ್ಲಿ ಉತ್ಸಾಹವೇ ಶತ್ರು! 12 ಮಂದಿಯ ಕಬಡ್ಡಿ ತಂಡ ಗೆದ್ದರೆ 12 ಪ್ರಶಸ್ತಿಯಲ್ಲ, ಒಂದೇ. ಮಂಗಳೂರಿನ ಮಂಗಳಾ ಕ್ರೀಡಾಂಗಣವಿರಲಿ, ಉಡುಪಿಯ ಅಜ್ಜರಕಾಡು ಕ್ರೀಡಾಂಗಣವಿರಲಿ, ಪದಕ ಬಂದ ವಾರದಲ್ಲೇ ಪ್ರಮಾಣಪತ್ರ ಸ್ಕ್ಯಾನ್ ಮಾಡಿ, ಫೈಲಿನ ಹೆಸರಿನಲ್ಲೇ ದಿನಾಂಕ, ಸ್ಪರ್ಧೆ, ಮಟ್ಟ ಸೇರಿಸಿ. ಕೋರ್ಸ್ ಮುಗಿಸಿ ಹೋದವರಿಂದ ಆಮೇಲೆ ತರಿಸುವುದು ಕಷ್ಟ.

ಯಕ್ಷಗಾನ, ಎನ್‌ಎಸ್‌ಎಸ್ ಶಿಬಿರಗಳಿಗೆ ಹಾಜರಿ ಪಟ್ಟಿ, ದಿನಾಂಕವಿರುವ ಫೋಟೊ ಇಟ್ಟುಕೊಳ್ಳಿ. ಒಂದೇ ಕಾರ್ಯಕ್ರಮವನ್ನು ಎರಡು ವಿಭಾಗಗಳು ಬರೆದಿವೆಯೇ, ನೋಡಿ.